ವೋಟು ಕದ್ದರು ಅಂದರೆ ಎಲ್ಲಿ, ಎಷ್ಟು? ಅಮೆರಿಕದ ಆರೋಪಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ

2020ರಲ್ಲಿ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಡೆಮಾಕ್ರಟಿಕ್ ಪಕ್ಷದ ಜೋ ಬೈಡನ್ ಎದುರು ಸೋತರು. ವೋಟು ಕದ್ದು ಸೋಲಿಸಿದರು ಅಂತ ಟ್ರಂಪ್ ಕಡೆಯವರು ಹೇಳುತ್ತಾ ಬಂದಿದ್ದಾರೆ. ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ ಆಂಟ್ರಿಮ್ ಅಂತ ಒಂದು ಪುಟ್ಟ ಕೌಂಟಿ ಇದೆ. ಕೌಂಟಿ ಅಂದರೆ ಅಲ್ಲಿನ ಜಿಲ್ಲೆ. ಹೆಸರಿಗೆ ಜಿಲ್ಲೆಯಾದರೂ 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿ ವೋಟು ಹಾಕಿದವರು ಸುಮಾರು 16 ಸಾವಿರ ಜನ. ರಿಪಬ್ಲಿಕನ್ ಪಕ್ಷ ಸದಾ ಗೆಲ್ಲುವ ಜಾಗ. ನವೆಂಬರ್ 3ರ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಅಲ್ಲಿಂದ ಬಂದ ಲೆಕ್ಕ ನೋಡಿ ಊರವರಿಗೇ ನಂಬಿಕೆ ಬರಲಿಲ್ಲ. ಜೋ ಬೈಡನ್ ಸುಮಾರು 3 ಸಾವಿರ ವೋಟುಗಳಿಂದ ಮುಂದಿದ್ದಾರೆ ಅಂತ ಅದರಲ್ಲಿತ್ತು.

ನಡೆದದ್ದು ಇಷ್ಟು. ಚುನಾವಣೆಗೆ ಸ್ವಲ್ಪ ದಿನ ಮುಂಚೆ ಕೆಲವು ಊರುಗಳ ಮತಪತ್ರದಲ್ಲಿ ಒಂದು ಸ್ಥಳೀಯ ಸ್ಪರ್ಧೆಗೆ ಸಂಬಂಧಿಸಿ ತಿದ್ದುಪಡಿ ಮಾಡಬೇಕಾಯಿತು. ತಿದ್ದಿದ ಮೇಲೆ ಎಲ್ಲ ಊರುಗಳ ಎಣಿಕೆ ಯಂತ್ರಕ್ಕೂ ಹೊಸ ಮಾಹಿತಿ ತುಂಬಬೇಕಿತ್ತು. ಕೌಂಟಿ ಕಚೇರಿ ಕೆಲವಕ್ಕೆ ಮಾತ್ರ ತುಂಬಿತು. ಯಂತ್ರಗಳೇನೋ ಮತಪತ್ರಗಳನ್ನು ಸರಿಯಾಗಿಯೇ ಓದಿದವು. ಆದರೆ ಆ ಲೆಕ್ಕ ಕೌಂಟಿಯ ಕಂಪ್ಯೂಟರಿಗೆ ಹೋಗಿ ಸೇರುವಾಗ ಹಳೇ ಪಟ್ಟಿಗೂ ಹೊಸ ಪಟ್ಟಿಗೂ ತಾಳೆಯಾಗಲಿಲ್ಲ. ಸಾಲು ಆಚೀಚೆಯಾಗಿ ಒಬ್ಬರ ವೋಟು ಇನ್ನೊಬ್ಬರ ಹೆಸರಿನ ಮುಂದೆ ಹೋಗಿ ಕೂತಿತು. ಮತಗಟ್ಟೆಯ ಯಂತ್ರದಿಂದ ಮುದ್ರಣವಾಗಿ ಬಂದ ಕಾಗದದ ಸುರುಳಿಯಲ್ಲಿ ಮಾತ್ರ ಸರಿಯಾದ ಲೆಕ್ಕವೇ ಇತ್ತು. ಮರುದಿನವೇ ತಪ್ಪು ಗೊತ್ತಾಯಿತು, ತಿದ್ದಿದರು. ಆ ಕಚೇರಿಯ ಮುಖ್ಯಸ್ಥೆ ಕೂಡ ರಿಪಬ್ಲಿಕನ್ ಪಕ್ಷದವರೇ.

ಅಷ್ಟರಲ್ಲಿ ಸುದ್ದಿ ಊರು ದಾಟಿ ಹೋಗಿತ್ತು. ಡೊಮಿನಿಯನ್ ಕಂಪನಿಯ ಯಂತ್ರಗಳು ಟ್ರಂಪ್‌ಗೆ ಬಿದ್ದ ವೋಟನ್ನು ಬೈಡನ್‌ಗೆ ತಿರುಗಿಸುತ್ತವೆ, ಆಂಟ್ರಿಮ್‌ನಲ್ಲಿ ಸಿಕ್ಕಿಬಿದ್ದರು, ಬೇರೆ ಕಡೆ ಸಿಕ್ಕಿಬಿದ್ದಿಲ್ಲ ಅಷ್ಟೇ ಅನ್ನುವ ಮಾತು ಇಡೀ ದೇಶದಲ್ಲಿ ಓಡಾಡಿತು. ಡಿಸೆಂಬರ್ 17ರಂದು ಆ ಕೌಂಟಿಯ ಅಷ್ಟೂ ಮತಪತ್ರಗಳನ್ನು ಕೈಯಲ್ಲಿ ಎಣಿಸಿದರು. ಟ್ರಂಪ್ ಸುಮಾರು 3,800 ವೋಟುಗಳಿಂದ ಗೆದ್ದಿದ್ದರು. ತಿದ್ದಿದ ಅಧಿಕೃತ ಲೆಕ್ಕಕ್ಕೂ ಕೈ ಎಣಿಕೆಗೂ ಗೆಲುವಿನ ಅಂತರದಲ್ಲಿ ಬಂದ ವ್ಯತ್ಯಾಸ 12 ವೋಟು. ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಇದನ್ನು ಪೂರ್ತಿ ಪರಿಶೀಲಿಸಿ 2021ರಲ್ಲಿ ವರದಿ ಕೊಟ್ಟರು. ಮತಯಂತ್ರಗಳಲ್ಲಿ ಎಷ್ಟು ದೌರ್ಬಲ್ಯ ಇದೆ ಅಂತ ವರ್ಷಗಟ್ಟಲೆ ಎಚ್ಚರಿಸುತ್ತಾ ಬಂದವರು ಇವರು. ಯಂತ್ರದ ಪರ ಮಾತಾಡುವ ಯಾವ ಕಾರಣವೂ ಅವರಿಗಿರಲಿಲ್ಲ. ಅವರೂ ಹೇಳಿದ್ದು ಇದೇ: ಇದು ಮನುಷ್ಯರ ತಪ್ಪು, ಮೋಸದ ಗುರುತು ಇಲ್ಲ.

ಆಂಟ್ರಿಮ್ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಅಮೆರಿಕದಲ್ಲಿ ವೋಟಿನ ಮೋಸ ನಡೆಯುತ್ತದಾ ಇಲ್ಲವಾ ಅಂತ ಕೇಳಿದರೆ ಆ ಜಗಳ ಎಂದಿಗೂ ಮುಗಿಯುವುದಿಲ್ಲ. ಯಾವ ಊರು, ಯಾವ ಪೆಟ್ಟಿಗೆ, ಎಷ್ಟು ವೋಟು ಅಂತ ಕೇಳಿದರೆ ಮುಗಿಯುತ್ತದೆ. ಊರು, ಹೆಸರು, ಸಂಖ್ಯೆ ಇರುವ ಆರೋಪವನ್ನು ಪರೀಕ್ಷೆ ಮಾಡಬಹುದು. 2020ರಲ್ಲಿ ಹಾಗೆ ಬಂದ ದೊಡ್ಡ ಆರೋಪಗಳನ್ನೆಲ್ಲ ಪರೀಕ್ಷೆ ಮಾಡಿದರು. ಫಲಿತಾಂಶ ಬದಲಿಸುವಂಥದ್ದು ಒಂದೂ ಸಿಗಲಿಲ್ಲ.

ಮೊದಲು ಆ ರಾತ್ರಿಯ ವಿಷಯ. ಬಹಳ ಜನರ ಅನುಮಾನ ಹುಟ್ಟಿದ್ದೇ ಅಲ್ಲಿ. ಟ್ರಂಪ್ ಮಲಗುವಾಗ ಮುಂದಿದ್ದರು, ಬೆಳಿಗ್ಗೆ ಎದ್ದಾಗ ಹಿಂದಿದ್ದರು, ರಾತ್ರೋರಾತ್ರಿ ಏನೋ ನಡೆದಿದೆ ಅಂತ ಜನರಿಗೆ ಅನ್ನಿಸಿತು. ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಕಾರಣ ಗುಟ್ಟಿನದ್ದೇನೂ ಅಲ್ಲ.

ನಮ್ಮಲ್ಲಿರುವ ಹಾಗೆ ಇಡೀ ದೇಶದ ಚುನಾವಣೆ ನಡೆಸುವ ಒಂದು ಆಯೋಗ ಅಲ್ಲಿಲ್ಲ. ಫೆಡರಲ್ ಚುನಾವಣಾ ಆಯೋಗ ಅಂತ ಒಂದಿದೆ, ಅದು ನೋಡುವುದು ಪ್ರಚಾರದ ಹಣದ ಲೆಕ್ಕವನ್ನಷ್ಟೇ. ಚುನಾವಣೆ ನಡೆಸುವುದು 50 ರಾಜ್ಯಗಳು, ಅವುಗಳ ಕೆಳಗೆ ಸಾವಿರಾರು ಕೌಂಟಿ ಮತ್ತು ಊರುಗಳು. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಅಂಚೆಯಲ್ಲಿ ಬಂದ ವೋಟನ್ನು ಮುಂಚಿತವಾಗಿ ತೆರೆದು ಸಿದ್ಧ ಮಾಡಿಟ್ಟುಕೊಳ್ಳಲು ಫ್ಲಾರಿಡಾದಲ್ಲಿ ಅವಕಾಶ ಇದೆ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ನಲ್ಲಿ ಮತದಾನದ ದಿನ ಬೆಳಿಗ್ಗೆ 7 ಗಂಟೆಯವರೆಗೆ ಲಕೋಟೆ ಮುಟ್ಟುವ ಹಾಗಿಲ್ಲ. ಕೋವಿಡ್ ವರ್ಷ ಆದ್ದರಿಂದ ಆ ಸಲ ಅಂಚೆ ವೋಟು ವಿಪರೀತ ಜಾಸ್ತಿ. ಪೆನ್ಸಿಲ್ವೇನಿಯಾ ಒಂದರಲ್ಲೇ ಸುಮಾರು 26 ಲಕ್ಷ. ಅಂಚೆ ವೋಟು ನಂಬಬೇಡಿ ಅಂತ ಟ್ರಂಪ್ ತಿಂಗಳುಗಟ್ಟಲೆ ಹೇಳಿದ್ದರಿಂದ ಅವರ ಬೆಂಬಲಿಗರು ಬಹುಪಾಲು ಮತಗಟ್ಟೆಗೇ ಹೋದರು. ಹಾಗಾಗಿ ಪೆನ್ಸಿಲ್ವೇನಿಯಾದ ಅಂಚೆ ವೋಟಿನಲ್ಲಿ ಸುಮಾರು ಮುಕ್ಕಾಲು ಪಾಲು ಬೈಡನ್‌ದು. ಮೊದಲು ಎಣಿಸಿದ್ದು ಮತಗಟ್ಟೆ ವೋಟು, ಆಮೇಲೆ ಅಂಚೆ ವೋಟು. ಮುನ್ನಡೆ ಬದಲಾಗದೇ ಇದ್ದಿದ್ದರೆ ಅದೇ ಆಶ್ಚರ್ಯ ಆಗುತ್ತಿತ್ತು.

ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರವನ್ನೇ ನೋಡಿ. ಅಲ್ಲಿ ಇಡೀ ನಗರದ ಅಂಚೆ ವೋಟನ್ನು ಒಂದೇ ಕೇಂದ್ರದಲ್ಲಿ ಎಣಿಸುತ್ತಾರೆ. ಸುಮಾರು 1 ಲಕ್ಷ 69 ಸಾವಿರ ವೋಟುಗಳ ಎಣಿಕೆ ಮುಗಿದದ್ದು ನಸುಕಿನ 3 ಗಂಟೆ ಹೊತ್ತಿಗೆ. ಅಷ್ಟೂ ಒಟ್ಟಿಗೇ ಲೆಕ್ಕಕ್ಕೆ ಸೇರಿದಾಗ ಟಿವಿಯಲ್ಲಿ ಬೈಡನ್ ಗೆರೆ ಒಮ್ಮೆಲೇ ಮೇಲಕ್ಕೆ ಹಾರಿತು. ಆ ಚಿತ್ರವನ್ನು ಲಕ್ಷಾಂತರ ಜನ ಹಂಚಿಕೊಂಡರು. ಅರಿಜೋನಾದಲ್ಲಿ ಆದದ್ದು ಇದರ ತಿರುಗಾಮುರುಗಾ. ಅಲ್ಲಿ ಅಂಚೆ ವೋಟನ್ನು ಮೊದಲೇ ಎಣಿಸಿಟ್ಟಿದ್ದರು. ಬೈಡನ್ ಮುಂದೆ ಶುರುವಾದರು, ಆಮೇಲೆ ದಿನದಿನಕ್ಕೂ ಅಂತರ ಇಳಿಯಿತು. ಕೊನೆಗೆ ಉಳಿದದ್ದು 10,457. ಆ ವಾರ ಮಿಷಿಗನ್‌ನ ಡೆಟ್ರಾಯಿಟ್‌ನಲ್ಲಿ ಎಣಿಕೆ ಕೇಂದ್ರದ ಹೊರಗೆ ಟ್ರಂಪ್ ಬೆಂಬಲಿಗರು ಎಣಿಕೆ ನಿಲ್ಲಿಸಿ ಅಂತ ಕೂಗುತ್ತಿದ್ದರು. ಅರಿಜೋನಾದ ಫೀನಿಕ್ಸ್‌ನಲ್ಲಿ ಅದೇ ಪಕ್ಷದವರು ವೋಟು ಎಣಿಸಿ ಅಂತ ಕೂಗುತ್ತಿದ್ದರು.

ಇನ್ನು ಜಾರ್ಜಿಯಾ. ನನ್ನ ಮಟ್ಟಿಗೆ ಇಡೀ ವಿವಾದದ ಜೀವಾಳ ಈ ರಾಜ್ಯದಲ್ಲಿದೆ. ಸುಮಾರು 50 ಲಕ್ಷ ವೋಟು, ಕೊನೆಯ ಅಂತರ 11,779. ಆಗಿನ ಗವರ್ನರ್ ರಿಪಬ್ಲಿಕನ್, ಅಲ್ಲಿ ಅದು ಜನರೇ ಆರಿಸುವ ಹುದ್ದೆ. ಚುನಾವಣೆಯ ಹೊಣೆ ಹೊತ್ತಿದ್ದ ಆಗಿನ ಸೆಕ್ರೆಟರಿ ಆಫ್ ಸ್ಟೇಟ್ ಬ್ರಾಡ್ ರಾಫೆನ್ಸ್‌ಪರ್ಗರ್ ರಿಪಬ್ಲಿಕನ್, ಸಾಲದ್ದಕ್ಕೆ ಟ್ರಂಪ್‌ಗೆ ವೋಟು ಹಾಕಿದವರು.

ಅಲ್ಲಿ ವೋಟನ್ನು ಮೂರು ಸಲ ಎಣಿಸಿದರು. ಮೊದಲು ಯಂತ್ರ, ಆಮೇಲೆ ಅಷ್ಟೂ ಮತಪತ್ರಗಳನ್ನು ಕೈಯಲ್ಲಿ, ಆಮೇಲೆ ಟ್ರಂಪ್ ಕಡೆಯವರು ಕೇಳಿದ್ದಕ್ಕೆ ಮತ್ತೆ ಯಂತ್ರ. ಮೂರು ಸಲವೂ ಗೆದ್ದದ್ದು ಬೈಡನ್. ಇಲ್ಲಿ ಒಂದು ಮುಖ್ಯ ಸಂಗತಿ ಇದೆ. 2002ರಿಂದ 2019ರವರೆಗೆ ಜಾರ್ಜಿಯಾದಲ್ಲಿ ಇದ್ದದ್ದು ಕಾಗದವೇ ಇಲ್ಲದ ಟಚ್‌ಸ್ಕ್ರೀನ್ ಯಂತ್ರ. ಆ ಯಂತ್ರದಲ್ಲೇ 2020ರ ಚುನಾವಣೆ ನಡೆದಿದ್ದರೆ ಕೈಯಲ್ಲಿ ಎಣಿಸಲು ಏನೂ ಇರುತ್ತಿರಲಿಲ್ಲ. ಆರೋಪ ಸುಳ್ಳು ಅಂತ ತೋರಿಸಲೂ ಆಗುತ್ತಿರಲಿಲ್ಲ, ನಿಜ ಅಂತ ತೋರಿಸಲೂ ಆಗುತ್ತಿರಲಿಲ್ಲ. ಡೊಮಿನಿಯನ್ ಬಗ್ಗೆ ಅಷ್ಟೆಲ್ಲ ಮಾತು ಬಂತಲ್ಲ, ಕಾಗದದ ಮತಪತ್ರ ಕೊಟ್ಟದ್ದು ಆ ಕಂಪನಿಯ ಹೊಸ ಯಂತ್ರಗಳೇ.

ಕೈ ಎಣಿಕೆಯಲ್ಲಿ ತಪ್ಪುಗಳು ಸಿಕ್ಕವು, ಅದನ್ನೂ ಹೇಳಬೇಕು. ಫ್ಲಾಯ್ಡ್ ಕೌಂಟಿಯಲ್ಲಿ ಸುಮಾರು 2,600 ಮತಪತ್ರಗಳು ಮೊದಲ ಎಣಿಕೆಯಲ್ಲಿ ಬಿಟ್ಟೇ ಹೋಗಿದ್ದವು. ಫಯೆಟ್ ಕೌಂಟಿಯಲ್ಲೂ ಸಾವಿರಾರು ವೋಟು ಲೆಕ್ಕಕ್ಕೆ ಸೇರಿರಲಿಲ್ಲ. ಸಿಕ್ಕ ವೋಟುಗಳಲ್ಲಿ ಜಾಸ್ತಿ ಟ್ರಂಪ್‌ದು. ಸುಮಾರು 14 ಸಾವಿರ ಇದ್ದ ಬೈಡನ್ ಮುನ್ನಡೆ 12 ಸಾವಿರದ ಆಸುಪಾಸಿಗೆ ಇಳಿಯಿತು. ಅಂದರೆ ಪರಿಶೀಲನೆ ಕಣ್ಣೊರೆಸುವ ಆಟ ಆಗಿರಲಿಲ್ಲ. ಸೋತವರಿಗೆ ಸಿಗಬೇಕಾದ ವೋಟು ಸಿಕ್ಕಿತು, ಆದರೂ ಅವರು ಸೋತಿದ್ದರು.

ಸತ್ತವರು ವೋಟು ಹಾಕಿದ್ದಾರೆ ಅನ್ನುವ ಆರೋಪಕ್ಕೆ ಬರೋಣ. 2021ರ ಜನವರಿ 2ರಂದು ಟ್ರಂಪ್ ರಾಫೆನ್ಸ್‌ಪರ್ಗರ್ ಜೊತೆ ಸುಮಾರು ಒಂದು ಗಂಟೆ ಫೋನಿನಲ್ಲಿ ಮಾತಾಡಿದರು. ನನಗೆ ಬೇಕಿರುವುದು 11,780 ವೋಟು ಹುಡುಕುವುದಷ್ಟೇ ಅಂತ ಅವರು ಹೇಳಿದ್ದು ಈ ಕರೆಯಲ್ಲೇ. ಅದೇ ಮಾತಿನ ನಡುವೆ ಸತ್ತವರ ಹೆಸರಿನಲ್ಲಿ ಸುಮಾರು 5 ಸಾವಿರ ವೋಟು ಬಿದ್ದಿವೆ ಅಂದರು. ರಾಫೆನ್ಸ್‌ಪರ್ಗರ್ ಉತ್ತರ: ನಿಜವಾದ ಸಂಖ್ಯೆ ಎರಡು. ಮುಂದೆ ತನಿಖೆ ಪೂರ್ತಿಯಾದಾಗ ಅದು ನಾಲ್ಕಾಯಿತು. ನಾಲ್ಕೂ ಕಡೆ ತೀರಿಕೊಂಡವರ ವೋಟನ್ನು ಕಳಿಸಿದ್ದು ಮನೆಯವರೇ.

5 ಸಾವಿರ ಅನ್ನುವ ಸಂಖ್ಯೆ ಬಂದದ್ದು ಹೇಗೆ? ಮತದಾರರ ಪಟ್ಟಿಯನ್ನೂ ಮರಣದ ದಾಖಲೆಯನ್ನೂ ಹೆಸರು ಮತ್ತು ಹುಟ್ಟಿದ ವರ್ಷ ಇಟ್ಟುಕೊಂಡು ಹೋಲಿಸಿದರೆ ಇಂಥ ಸಂಖ್ಯೆ ಬಂದೇ ಬರುತ್ತದೆ. ಒಂದು ಕೋಟಿ ಜನರಿರುವ ರಾಜ್ಯದಲ್ಲಿ ಒಂದೇ ಹೆಸರು, ಒಂದೇ ವರ್ಷ ಹುಟ್ಟಿದವರು ಸಾವಿರಗಟ್ಟಲೆ ಇರುತ್ತಾರೆ. ಅಪ್ಪನ ಹೆಸರನ್ನೇ ಮಗನಿಗೆ ಇಡುವ ಪದ್ಧತಿ ಬೇರೆ ಅಲ್ಲಿದೆ. ಅಪ್ಪ ಸತ್ತಿರುತ್ತಾನೆ, ಅದೇ ವಿಳಾಸದಲ್ಲಿರುವ ಮಗ ವೋಟು ಹಾಕಿರುತ್ತಾನೆ. ಇನ್ನೂ ಒಂದು ಮಾತು. ನಮ್ಮಲ್ಲಿ ಬೂತ್ ಮಟ್ಟದ ಅಧಿಕಾರಿ ಮನೆಗೇ ಬಂದು ಪಟ್ಟಿ ನೋಡುತ್ತಾರೆ. ಅಮೆರಿಕದಲ್ಲಿ ಹೆಸರು ನೋಂದಾಯಿಸುವ ಹೊಣೆ ಮತದಾರನದ್ದೇ. ಊರು ಬಿಟ್ಟವರ, ತೀರಿಕೊಂಡವರ ಹೆಸರು ಪಟ್ಟಿಯಲ್ಲಿ ಕೆಲವು ಕಾಲ ಉಳಿಯುವುದು ಮಾಮೂಲು. ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಆ ಹೆಸರಿನಲ್ಲಿ ವೋಟು ಬಿದ್ದಿರುವುದು ಬೇರೆ. ಈ ಎರಡನ್ನೂ ಬೇಕಂತಲೇ ಕಲಸಿ ಹೇಳಿದಾಗ ಸಾವಿರ, ಲಕ್ಷದ ಲೆಕ್ಕ ಹುಟ್ಟುತ್ತದೆ.

ಜಾರ್ಜಿಯಾದ್ದೇ ಮತ್ತೊಂದು ಘಟನೆ ನನ್ನನ್ನು ತುಂಬಾ ಕಲಕಿದೆ. ಅಟ್ಲಾಂಟಾದ ಸ್ಟೇಟ್ ಫಾರ್ಮ್ ಅರೀನಾದಲ್ಲಿ ಫುಲ್ಟನ್ ಕೌಂಟಿಯ ಎಣಿಕೆ ನಡೆಯುತ್ತಿತ್ತು. ರಾತ್ರಿ ಹತ್ತೂವರೆ ಹೊತ್ತಿಗೆ ಇವತ್ತಿಗೆ ಇಷ್ಟು ಸಾಕು ಅಂದುಕೊಂಡು ಸಿಬ್ಬಂದಿ ಮತಪತ್ರಗಳನ್ನು ಡಬ್ಬಗಳಲ್ಲಿ ತುಂಬಿ ಮೇಜಿನ ಕೆಳಗಿಟ್ಟರು. ಪಕ್ಷದ ವೀಕ್ಷಕರು, ಪತ್ರಕರ್ತರು ಹೊರಟರು. ಇಷ್ಟು ಬೇಗ ಯಾಕೆ ನಿಲ್ಲಿಸಿದಿರಿ, ಮುಂದುವರಿಸಿ ಅಂತ ಮೇಲಿನಿಂದ ಸೂಚನೆ ಬಂತು. ಡಬ್ಬಗಳನ್ನು ಹೊರತೆಗೆದು ಸ್ಕ್ಯಾನ್ ಮಾಡಿದರು. ವೀಕ್ಷಕರಿಲ್ಲದ ಹೊತ್ತಿನಲ್ಲಿ ಎಣಿಕೆ ನಡೆದದ್ದು ಸರಿಯಲ್ಲ, ಅದು ಎಡವಟ್ಟೇ. ಆದರೆ ಡಿಸೆಂಬರ್ 3ರಂದು ಟ್ರಂಪ್ ವಕೀಲರ ತಂಡ ಆ ಸಿಸಿಟಿವಿ ದೃಶ್ಯದ ಒಂದು ತುಣುಕನ್ನು ಮಾತ್ರ ರಾಜ್ಯದ ಸೆನೆಟರ್‌ಗಳ ಮುಂದೆ ತೋರಿಸಿ, ಸೂಟ್‌ಕೇಸ್‌ಗಳಲ್ಲಿ ಕಳ್ಳ ವೋಟು ತಂದಿದ್ದಾರೆ ಅಂತು. ತನಿಖೆಯವರು ಇಡೀ ರಾತ್ರಿಯ ದೃಶ್ಯ ನೋಡಿದರು. ಅವು ಮತಪತ್ರ ಇಡುವ ಮಾಮೂಲಿ ಡಬ್ಬಗಳು. ಅವನ್ನು ಅಲ್ಲಿ ತುಂಬಿಟ್ಟದ್ದೂ ದೃಶ್ಯದಲ್ಲೇ ಇತ್ತು.

ಆ ರಾತ್ರಿ ಅಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬ ತಾಯಿ, ಅವರ ಮಗಳು ಇದ್ದರು. ಇಬ್ಬರೂ ಕಪ್ಪು ವರ್ಣೀಯರು. ಅವರು ಒಬ್ಬರ ಕೈಯಿಂದ ಒಬ್ಬರಿಗೆ ಯುಎಸ್‌ಬಿ ಡ್ರೈವ್ ದಾಟಿಸಿದರು ಅಂತ ಟ್ರಂಪ್ ವಕೀಲ ರೂಡಿ ಜೂಲಿಯಾನಿ ಸಾರ್ವಜನಿಕವಾಗಿ ಹೇಳಿದರು. 2022ರ ಜೂನ್‌ನಲ್ಲಿ ಸಂಸತ್ತಿನ ಸಮಿತಿ ಮಗಳನ್ನು ಕೇಳಿತು, ಅಮ್ಮ ನಿಮಗೆ ಕೊಟ್ಟದ್ದೇನು ಅಂತ. ಶುಂಠಿ ಪೆಪ್ಪರ್‌ಮೆಂಟ್ ಅಂತ ಆಕೆ ಉತ್ತರ ಕೊಟ್ಟರು. ಅಷ್ಟು ಹೊತ್ತಿಗೆ ಅವರಿಗೆ ಬಂದ ಕೊಲೆ ಬೆದರಿಕೆಗಳಿಗೆ ಲೆಕ್ಕ ಇರಲಿಲ್ಲ. ಎಫ್‌ಬಿಐ ಸಲಹೆ ಮೇಲೆ ತಾಯಿ ಮನೆ ಬಿಟ್ಟು ಹೋಗಬೇಕಾಗಿ ಬಂದಿತ್ತು. ತಮ್ಮ ಹೆಸರನ್ನು ಹೊರಗೆ ಹೇಳಲೂ ಭಯ ಅಂತ ಅವರು ಹೇಳಿದ್ದಾರೆ. ತಾನು ಹೇಳಿದ್ದು ಸುಳ್ಳು ಅನ್ನುವುದನ್ನು ಅಲ್ಲಗಳೆಯುವುದಿಲ್ಲ ಅಂತ ಜೂಲಿಯಾನಿ 2023ರಲ್ಲಿ ಕೋರ್ಟಿಗೆ ಬರೆದುಕೊಟ್ಟರು. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ದೊಡ್ಡವರು ಅಧಿಕಾರಕ್ಕಾಗಿ ಹೇಳಿದ ಮಾತಿನ ಬೆಲೆಯನ್ನು ಕಟ್ಟಿದ್ದು ದಿನಗೂಲಿಯ ಮಟ್ಟದ ಚುನಾವಣಾ ಕೆಲಸ ಮಾಡುವವರು. ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ.

ಕೋರ್ಟುಗಳು ಕೇಸನ್ನು ಕೇಳಲೇ ಇಲ್ಲ ಅನ್ನುವುದು ಈಗಲೂ ಕೇಳಿಬರುವ ಮಾತು. ಇದರಲ್ಲಿ ಅರ್ಧ ನಿಜ ಇದೆ. 60ಕ್ಕೂ ಹೆಚ್ಚು ದಾವೆಗಳಲ್ಲಿ ಹಲವು, ದಾವೆ ಹೂಡಲು ನಿಮಗೆ ಹಕ್ಕಿಲ್ಲ ಅಂತಲೋ ತಡವಾಗಿ ಬಂದಿರಿ ಅಂತಲೋ ವಜಾ ಆದವು. ಪೆನ್ಸಿಲ್ವೇನಿಯಾ ಸೇರಿ ನಾಲ್ಕು ರಾಜ್ಯಗಳ ಫಲಿತಾಂಶ ತಡೆಯಲು ಟೆಕ್ಸಸ್ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಡಿಸೆಂಬರ್ 11ರಂದು ಹಾಗೆಯೇ ತಳ್ಳಿಹಾಕಿತು. ಆದರೆ ಸಾಕ್ಷ್ಯ ನೋಡಿ ತೀರ್ಪು ಕೊಟ್ಟ ಕೋರ್ಟುಗಳೂ ಇವೆ. ನೆವಾಡಾದ ಕಾರ್ಸನ್ ಸಿಟಿಯ ನ್ಯಾಯಾಧೀಶರು ಎರಡೂ ಕಡೆಯ ಸಾಕ್ಷಿಗಳ ಹೇಳಿಕೆ ಪರಿಶೀಲಿಸಿ, ಆರೋಪಕ್ಕೆ ನಂಬುವಂಥ ಆಧಾರ ಇಲ್ಲ ಅಂದರು. ವಿಸ್ಕಾನ್ಸಿನ್‌ನಲ್ಲಿ ಟ್ರಂಪ್ ಅವರೇ ನೇಮಿಸಿದ್ದ ಫೆಡರಲ್ ನ್ಯಾಯಾಧೀಶ ಬ್ರೆಟ್ ಲಡ್ವಿಗ್ ತಾಂತ್ರಿಕ ಕಾರಣ ಬಿಟ್ಟು ವಿಷಯದ ಮೇಲೇ ಟ್ರಂಪ್ ವಿರುದ್ಧ ತೀರ್ಪು ಕೊಟ್ಟರು.

ಕೋರ್ಟಿನ ಹೊರಗೆ ಹೇಳಿದ್ದಕ್ಕೂ ಒಳಗೆ ಹೇಳಿದ್ದಕ್ಕೂ ಇದ್ದ ಅಂತರವನ್ನು ನೋಡಿ. ನವೆಂಬರ್ 17ರಂದು ಪೆನ್ಸಿಲ್ವೇನಿಯಾದ ಫೆಡರಲ್ ಕೋರ್ಟಿನಲ್ಲಿ ನ್ಯಾಯಾಧೀಶರು ಪಟ್ಟು ಹಿಡಿದು ಕೇಳಿದಾಗ ಜೂಲಿಯಾನಿ ಒಪ್ಪಿಕೊಂಡರು: ಇದು ಮೋಸದ ಕೇಸ್ ಅಲ್ಲ. ಪತ್ರಿಕಾಗೋಷ್ಠಿಯಲ್ಲಿ ಏನು ಹೇಳಿದರೂ ನಡೆಯುತ್ತದೆ, ಕೋರ್ಟಿನಲ್ಲಿ ಸುಳ್ಳು ಹೇಳಿದರೆ ವಕೀಲನ ಸನ್ನದಿಗೇ ಕುತ್ತು. ಮುಂದೆ 2024ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಸನ್ನದು ಹೋಯಿತು. ಅದೇ ಕೇಸಿನ ಮೇಲ್ಮನವಿಯಲ್ಲಿ, ಟ್ರಂಪ್ ನೇಮಿಸಿದ್ದ ಇನ್ನೊಬ್ಬ ನ್ಯಾಯಾಧೀಶ ಸ್ಟೆಫಾನೋಸ್ ಬಿಬಾಸ್ ಬರೆದರು: ಚುನಾವಣೆ ಅನ್ಯಾಯದ್ದು ಅಂತ ಕರೆದ ಮಾತ್ರಕ್ಕೆ ಅದು ಹಾಗೆ ಆಗುವುದಿಲ್ಲ. ಆರೋಪಕ್ಕೆ ನಿರ್ದಿಷ್ಟ ವಿವರ ಬೇಕು, ಆಮೇಲೆ ಪುರಾವೆ ಬೇಕು. ಇಲ್ಲಿ ಎರಡೂ ಇಲ್ಲ. ಟ್ರಂಪ್ ಅವರದೇ ಅಟಾರ್ನಿ ಜನರಲ್ ವಿಲಿಯಂ ಬಾರ್ ಡಿಸೆಂಬರ್ 1ರಂದು, ಫಲಿತಾಂಶ ಬದಲಿಸುವ ಪ್ರಮಾಣದ ಮೋಸ ನಮಗೆ ಕಂಡಿಲ್ಲ ಅಂತ ಹೇಳಿದರು.

ಅಧಿಕಾರಿಗಳ ಮೇಲೆ, ಕೋರ್ಟಿನ ಮೇಲೆ ನಂಬಿಕೆ ಇಲ್ಲ ಅನ್ನುವವರಿಗೆ ಅರಿಜೋನಾದ ಉದಾಹರಣೆ ಇದೆ. ಅಲ್ಲಿನ ರಿಪಬ್ಲಿಕನ್ ಸೆನೆಟ್ ಮರಿಕೋಪಾ ಕೌಂಟಿಯ 21 ಲಕ್ಷ ಮತಪತ್ರಗಳನ್ನು ತಾವೇ ಆರಿಸಿದ ಸೈಬರ್ ನಿಂಜಾಸ್ ಎಂಬ ಕಂಪನಿಗೆ ಒಪ್ಪಿಸಿತು. ಆ ಕಂಪನಿಗೆ ಚುನಾವಣಾ ಲೆಕ್ಕಪರಿಶೋಧನೆಯ ಅನುಭವ ಇರಲಿಲ್ಲ. ಅದರ ಮುಖ್ಯಸ್ಥ ವೋಟು ಕದ್ದಿದ್ದಾರೆ ಅನ್ನುವ ಮಾತನ್ನು ಮೊದಲೇ ಹರಡಿದವರು. 2021ರಲ್ಲಿ ಫೀನಿಕ್ಸ್‌ನ ಒಂದು ಹಳೇ ಕ್ರೀಡಾಂಗಣದಲ್ಲಿ ತಿಂಗಳುಗಟ್ಟಲೆ ಕೆಲಸ ನಡೆಯಿತು. ಏಷ್ಯಾದಿಂದ ವಿಮಾನದಲ್ಲಿ ನಕಲಿ ಮತಪತ್ರ ಬಂದಿವೆ ಎಂಬ ಗಾಳಿಸುದ್ದಿ ನಂಬಿ, ಕಾಗದದಲ್ಲಿ ಬಿದಿರಿನ ನಾರು ಇದೆಯಾ ಅಂತಲೂ ಹುಡುಕಿದರು. ಸೆಪ್ಟೆಂಬರ್‌ನಲ್ಲಿ ಅವರದೇ ವರದಿ ಬಂತು. ಅಧಿಕೃತ ಲೆಕ್ಕಕ್ಕಿಂತ ಬೈಡನ್‌ಗೆ 99 ವೋಟು ಜಾಸ್ತಿ, ಟ್ರಂಪ್‌ಗೆ 261 ಕಡಿಮೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಇಷ್ಟರ ನಡುವೆ ಹೊರಗಿನವರ ಕೈಗೆ ಹೋಗಿ ಬಂದ ಯಂತ್ರಗಳನ್ನು ಮತ್ತೆ ನಂಬುವ ಹಾಗಿಲ್ಲ ಅಂತ ಕೌಂಟಿ ಅವನ್ನು ಬದಲಾಯಿಸಬೇಕಾಯಿತು.

ಮಿಷಿಗನ್‌ನಲ್ಲೂ ರಿಪಬ್ಲಿಕನ್ ಬಹುಮತದ ಸೆನೆಟ್ ಸಮಿತಿಯೇ ತನಿಖೆ ಮಾಡಿತು. ಅಧ್ಯಕ್ಷರು ಎಡ್ ಮೆಕ್‌ಬ್ರೂಮ್, ಹೈನುಗಾರಿಕೆ ಮಾಡುವ ರೈತ, ಟ್ರಂಪ್‌ಗೆ ವೋಟು ಹಾಕಿದವರು. ವ್ಯಾಪಕ ಮೋಸ ನಡೆದಿಲ್ಲ, ಆಂಟ್ರಿಮ್ ಹೆಸರಲ್ಲಿ ಸುಳ್ಳು ಹೇಳಿ ದುಡ್ಡು ಎತ್ತುತ್ತಿರುವವರ ಬಗ್ಗೆಯೇ ತನಿಖೆ ಆಗಬೇಕು ಅಂತ 2021ರ ಜೂನ್‌ನಲ್ಲಿ ಅವರ ಸಮಿತಿ ವರದಿ ಕೊಟ್ಟಿತು. ತನ್ನ ಪಕ್ಷದವರಿಂದಲೇ ಬೈಗುಳ ಬರುತ್ತದೆ ಅಂತ ಗೊತ್ತಿದ್ದೂ ಹೀಗೆ ಬರೆದವರು ಅವರು. ನನಗೆ ಅವರ ಬಗ್ಗೆ ಗೌರವ ಇದೆ.

ಹಾಗಂತ ಮೋಸವೇ ಇಲ್ಲ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪೈಪೋಟಿ ಬಿಗಿಯಾಗಿದ್ದ ಆರು ರಾಜ್ಯಗಳ ಒಂದೊಂದು ಚುನಾವಣಾ ಕಚೇರಿಯನ್ನೂ ಕೇಳಿ, ಮೋಸ ಇರಬಹುದಾದ ಪ್ರಕರಣಗಳನ್ನು ಒಟ್ಟು ಮಾಡಿತು. ಸಿಕ್ಕದ್ದು 475ಕ್ಕೂ ಕಡಿಮೆ. ಆ ಆರು ರಾಜ್ಯಗಳಲ್ಲಿ ಬಿದ್ದ ವೋಟು ಸುಮಾರು 2.55 ಕೋಟಿ, ಬೈಡನ್ ಒಟ್ಟು ಮುನ್ನಡೆ 3 ಲಕ್ಷಕ್ಕೂ ಜಾಸ್ತಿ. ಆ ಪ್ರಕರಣಗಳಲ್ಲಿ ಎರಡೂ ಪಕ್ಷದವರು ಇದ್ದರು. ಲಾಸ್ ವೇಗಸ್‌ನ ಒಬ್ಬರು, ತೀರಿಕೊಂಡ ನನ್ನ ಹೆಂಡತಿಯ ಹೆಸರಿನಲ್ಲಿ ಯಾರೋ ವೋಟು ಹಾಕಿದ್ದಾರೆ ಅಂತ ಟಿವಿಯಲ್ಲಿ ಅಳಲು ತೋಡಿಕೊಂಡಿದ್ದರು. ರಾಜ್ಯದ ರಿಪಬ್ಲಿಕನ್ ಪಕ್ಷ ಅದನ್ನೇ ಪುರಾವೆ ಅಂತ ಎತ್ತಿ ತೋರಿಸಿತು. ಒಂದು ವರ್ಷದ ಬಳಿಕ, ಆ ವೋಟು ಹಾಕಿದ್ದು ನಾನೇ ಅಂತ ಅವರು ತಪ್ಪೊಪ್ಪಿಕೊಂಡರು.

ನಿಜವಾಗಿ ಫಲಿತಾಂಶ ಕೆಡಿಸಿದ ಮೋಸ ಹೇಗಿರುತ್ತದೆ ಅಂತ ನೋಡಬೇಕಾದರೆ 2018ರ ನಾರ್ತ್ ಕ್ಯಾರೊಲಿನಾಗೆ ಹೋಗಬೇಕು. ಅಲ್ಲಿನ 9ನೇ ಸಂಸತ್ ಕ್ಷೇತ್ರದಲ್ಲಿ ರಿಪಬ್ಲಿಕನ್ ಅಭ್ಯರ್ಥಿ 905 ವೋಟುಗಳಿಂದ ಮುಂದಿದ್ದರು. ಅವರ ಪರ ಕೆಲಸ ಮಾಡಿದ ಒಬ್ಬ ಏಜೆಂಟ್ ಬ್ಲೇಡನ್ ಕೌಂಟಿಯಲ್ಲಿ ತನ್ನ ಕೆಲಸಗಾರರನ್ನು ಮನೆಮನೆಗೆ ಕಳಿಸಿ ಅಂಚೆ ಮತಪತ್ರ ಕಲೆಹಾಕಿಸಿದ್ದ, ಕೆಲವನ್ನು ಅವರೇ ತುಂಬಿದ್ದರು. ಒಂದೇ ಕೌಂಟಿಯಲ್ಲಿ ಅಂಚೆ ವೋಟಿನ ಅಂಕಿ ವಿಚಿತ್ರವಾಗಿ ಕಂಡಿತು, ಒಂದೇ ಸಾಕ್ಷಿಯ ಸಹಿ ಹಲವು ಲಕೋಟೆಗಳ ಮೇಲೆ ಕಂಡಿತು. ಅಲ್ಲಿಗೆ ಸಿಕ್ಕಿಬಿದ್ದರು. ಚುನಾವಣಾ ಮಂಡಳಿ ಫಲಿತಾಂಶ ರದ್ದು ಮಾಡಿ ಹೊಸ ಚುನಾವಣೆ ನಡೆಸಿತು. ಇಷ್ಟು ಸಣ್ಣ ಕೆಲಸಕ್ಕೂ ಹತ್ತಾರು ಜನ ಬೇಕಾಯಿತು, ಗುಟ್ಟು ಉಳಿಯಲಿಲ್ಲ. ಆರು ರಾಜ್ಯಗಳಲ್ಲಿ ಸಾವಿರಗಟ್ಟಲೆ ವೋಟು ಬದಲಿಸಿ, ಒಬ್ಬರೂ ಬಾಯಿ ಬಿಡದೆ, ಕಾಗದದಲ್ಲೂ ಗುರುತು ಉಳಿಯದೆ ಇರಬೇಕಾದರೆ ಎಷ್ಟು ಜನ ಬೇಕು? ಆರೋಪ ಮಾಡಿದವರು ಇದಕ್ಕೆ ಉತ್ತರ ಕೊಟ್ಟದ್ದಿಲ್ಲ.

ಸೋತಾಗ ಅನುಮಾನ ಪಡುವುದು ಒಂದೇ ಪಕ್ಷದ ಗುಣವೂ ಅಲ್ಲ. 1876ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಅರ್ಹ ಮತದಾರರಿಗಿಂತ ಜಾಸ್ತಿ ವೋಟು ಬಿದ್ದಿತ್ತು. ಕೊನೆಗೆ 15 ಜನರ ಆಯೋಗ 8-7ರಲ್ಲಿ ತೀರ್ಮಾನ ಮಾಡಿ ರಿಪಬ್ಲಿಕನ್ ಅಭ್ಯರ್ಥಿ ಹೇಯ್ಸ್ ಅವರನ್ನು ಅಧ್ಯಕ್ಷರಾಗಿ ಗೆಲ್ಲಿಸಿತು. 1960ರಲ್ಲಿ ಕೆನಡಿ ಇಲಿನಾಯ್ ರಾಜ್ಯವನ್ನು 9 ಸಾವಿರಕ್ಕೂ ಕಡಿಮೆ ಅಂತರದಲ್ಲಿ ಗೆದ್ದಾಗ ಶಿಕಾಗೋದ ಅಕ್ರಮದ ಬಗ್ಗೆ ಗಟ್ಟಿ ಅನುಮಾನಗಳಿದ್ದವು. ಆದರೆ ಇಲಿನಾಯ್ ಒಂದು ಕೈಬಿಟ್ಟರೂ ಕೆನಡಿ ಗೆಲ್ಲುತ್ತಿದ್ದರು. 2004ರಲ್ಲಿ ಓಹಾಯೋ ಫಲಿತಾಂಶಕ್ಕೆ ಸಂಸತ್ತಿನಲ್ಲಿ ಆಕ್ಷೇಪ ಎತ್ತಿದ್ದು ಡೆಮಾಕ್ರಟಿಕ್ ಸದಸ್ಯರು. 2016ರಲ್ಲಿ ಟ್ರಂಪ್ ಗೆದ್ದಾಗ ವಿಸ್ಕಾನ್ಸಿನ್‌ನಲ್ಲಿ ಮರುಎಣಿಕೆ ನಡೆಯಿತು. ಟ್ರಂಪ್ ಮುನ್ನಡೆಯೇ 131 ವೋಟು ಜಾಸ್ತಿಯಾಯಿತು. 2024ರಲ್ಲಿ ಟ್ರಂಪ್ ಮತ್ತೆ ಗೆದ್ದ ಮರುದಿನ 2 ಕೋಟಿ ವೋಟು ಕಾಣೆಯಾಗಿದೆ ಅನ್ನುವ ಮಾತು ಎಡಪಂಥೀಯರ ನಡುವೆಯೂ ಓಡಿತು. ಕ್ಯಾಲಿಫೋರ್ನಿಯಾ ಎಣಿಕೆ ಇನ್ನೂ ಮುಗಿದಿರಲಿಲ್ಲ, ಅಷ್ಟೇ. ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. 2004ರಲ್ಲಿ ಕೆರಿ, 2016ರಲ್ಲಿ ಹಿಲರಿ, 2024ರಲ್ಲಿ ಕಮಲಾ ಹ್ಯಾರಿಸ್ ಮರುದಿನವೇ ಸೋಲು ಒಪ್ಪಿದರು. 2020ರ ಸೋಲನ್ನು ಟ್ರಂಪ್ ಇಂದಿಗೂ ಒಪ್ಪಿಲ್ಲ. ಒಪ್ಪದೇ ಹೋದದ್ದರ ಫಲ 2021ರ ಜನವರಿ 6ರಂದು, ಅವರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದಾಗ ಕಂಡಿತು.

ಈಗ ವಿವಾದ ಯಂತ್ರದಿಂದ ಪೌರತ್ವಕ್ಕೆ ಬಂದಿದೆ. ಪ್ರಜೆಗಳಲ್ಲದವರು ಲಕ್ಷಗಟ್ಟಲೆ ವೋಟು ಹಾಕುತ್ತಿದ್ದಾರೆ ಅನ್ನುವುದು ಆರೋಪ. 2025ರ ಮಾರ್ಚ್ 25ರಂದು ಟ್ರಂಪ್ ಹೊರಡಿಸಿದ ಆದೇಶದಲ್ಲಿ ಭಾರತದ ಹೆಸರೂ ಇದೆ. ಭಾರತ, ಬ್ರೆಜಿಲ್‌ನಂಥ ದೇಶಗಳು ಮತದಾರರ ಗುರುತನ್ನು ಬಯೊಮೆಟ್ರಿಕ್ ದಾಖಲೆಗೆ ಜೋಡಿಸುತ್ತಿವೆ, ನಮ್ಮಲ್ಲಿ ಪ್ರಜೆ ಅಂತ ಸ್ವತಃ ಬರೆದುಕೊಟ್ಟರೆ ಸಾಕು ಅನ್ನುವ ಅರ್ಥದ ಮಾತು ಅದು. ಈ ಹೋಲಿಕೆ ಸರಿಯಲ್ಲ. ಆಧಾರ್ ಪೌರತ್ವದ ಪುರಾವೆ ಅಲ್ಲ ಅಂತ ನಮ್ಮ ಕಾನೂನೇ ಹೇಳುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯ ನೇರವಾಗಿ ತಟ್ಟುತ್ತದೆ. 2019ರಲ್ಲಿ ಟೆಕ್ಸಸ್ ಸರ್ಕಾರ, ಪ್ರಜೆಗಳಲ್ಲದ ಸುಮಾರು 95 ಸಾವಿರ ಜನ ಮತದಾರರ ಪಟ್ಟಿಯಲ್ಲಿದ್ದಾರೆ, ಅವರಲ್ಲಿ 58 ಸಾವಿರ ಜನ ಯಾವಾಗಲಾದರೂ ವೋಟು ಹಾಕಿದ್ದಾರೆ ಅಂತ ಪ್ರಕಟಿಸಿತು. ಇದು ಸಮುದ್ರದಲ್ಲಿ ತೇಲುವ ಹಿಮಬೆಟ್ಟದ ತುದಿ ಮಾತ್ರ ಅಂತ ಟ್ರಂಪ್ ಟ್ವೀಟ್ ಮಾಡಿದರು. ಪಟ್ಟಿ ತಯಾರಾದದ್ದು ಹೇಗೆ ಗೊತ್ತಾ? ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಗ್ರೀನ್ ಕಾರ್ಡ್ ಅಥವಾ ವೀಸಾ ತೋರಿಸಿದವರ ಹೆಸರು ತೆಗೆದುಕೊಂಡರು. ಅವರಲ್ಲಿ ಮತದಾರರ ಪಟ್ಟಿಯಲ್ಲಿ ಇರುವವರು ಯಾರು ಅಂತ ನೋಡಿದರು. ಲೈಸೆನ್ಸ್ ಮಾಡಿಸಿಕೊಂಡ ಮೇಲೆ ಪ್ರಮಾಣವಚನ ತೆಗೆದುಕೊಂಡು ಪ್ರಜೆಯಾದವರು ಮತ್ತೆ ಆ ಕಚೇರಿಗೆ ಹೋಗಿ ಹೇಳಬೇಕಾದ ಕಾನೂನು ಇರಲಿಲ್ಲ. ಆಸ್ಟಿನ್‌ನಲ್ಲೋ ಡಲ್ಲಾಸ್‌ನಲ್ಲೋ ಗ್ರೀನ್ ಕಾರ್ಡ್ ಇದ್ದಾಗ ಲೈಸೆನ್ಸ್ ಪಡೆದು, ಆಮೇಲೆ ಪ್ರಜೆಯಾಗಿ, ಖುಷಿಯಿಂದ ಮೊದಲ ಸಲ ವೋಟು ಹಾಕಿದವರೆಲ್ಲ ಈ ಬಲೆಗೆ ಬೀಳುವವರೇ. ಕೆಲವೇ ದಿನಗಳಲ್ಲಿ ಸುಮಾರು 25 ಸಾವಿರ ಹೆಸರು ತಪ್ಪಾಗಿ ಸೇರಿವೆ ಅಂತ ಗೊತ್ತಾಯಿತು. ಏಪ್ರಿಲ್‌ನಲ್ಲಿ ಸರ್ಕಾರ ಕೋರ್ಟಿನಲ್ಲಿ ರಾಜಿ ಮಾಡಿಕೊಂಡು ಪಟ್ಟಿ ಹಿಂತೆಗೆದುಕೊಂಡಿತು.

ಗ್ರೀನ್ ಕಾರ್ಡ್ ಇರುವವರು ಗೊತ್ತಿದ್ದೂ ವೋಟು ಹಾಕುವುದು ಅಪರೂಪ. ಕಾರಣ ಸರಳ. ಸಿಕ್ಕಿಬಿದ್ದರೆ ಜೈಲು, ಗಡೀಪಾರು, ಪೌರತ್ವದ ಆಸೆಗೆ ಎಳ್ಳುನೀರು. ಒಂದು ವೋಟಿಗಾಗಿ ಅಷ್ಟು ವರ್ಷದ ಬದುಕನ್ನು ಪಣಕ್ಕಿಡುವವರು ಯಾರು? 2024ರಲ್ಲಿ ಜಾರ್ಜಿಯಾ ತನ್ನ 82 ಲಕ್ಷ ಮತದಾರರ ಪಟ್ಟಿಯನ್ನು ಜರಡಿ ಹಿಡಿದಾಗ ಸಿಕ್ಕ ಪ್ರಜೆಗಳಲ್ಲದವರ ಹೆಸರು 20. ಅಂದಹಾಗೆ, ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿ ಬೇಕಾ ಅಂತ ಕೇಳುವ ಪದ್ಧತಿ ಅಲ್ಲಿ ಇದೆ. ಎಚ್-1ಬಿ, ಗ್ರೀನ್ ಕಾರ್ಡ್‌ನಲ್ಲಿರುವ ನಮ್ಮವರು ಆ ಚೌಕದಲ್ಲಿ ಸುಮ್ನೆ ಗುರುತು ಹಾಕಿಬಿಡಬಾರದು.

ಪೌರತ್ವದ ದಾಖಲೆ ತೋರಿಸಿದರೆ ಮಾತ್ರ ನೋಂದಣಿ ಅನ್ನುವ ಮಸೂದೆ 2025ರ ಏಪ್ರಿಲ್‌ನಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಪಾಸಾಯಿತು. ಅದೇ ನಿಯಮವನ್ನು ಟ್ರಂಪ್ ಆದೇಶದ ಮೂಲಕ ತರಲು ಹೊರಟಿದ್ದನ್ನು ಫೆಡರಲ್ ಕೋರ್ಟ್ ತಡೆಯಿತು. ಚುನಾವಣೆಯ ನಿಯಮ ಮಾಡುವ ಅಧಿಕಾರ ರಾಜ್ಯಗಳಿಗೂ ಸಂಸತ್ತಿಗೂ ಇದೆ, ಅಧ್ಯಕ್ಷರಿಗಿಲ್ಲ ಅನ್ನುವುದು ಕೋರ್ಟಿನ ಮಾತು. ಪೌರತ್ವದ ದಾಖಲೆ ಕೇಳುವುದರಲ್ಲಿ ಏನು ತಪ್ಪು ಅಂತ ನಮಗೆ ಅನ್ನಿಸಬಹುದು. ಇದನ್ನು ಮಾಡಿ ನೋಡಿದ ರಾಜ್ಯ ಒಂದಿದೆ, ಕ್ಯಾನ್ಸಸ್. 2013ರಲ್ಲಿ ಅಲ್ಲಿ ಈ ನಿಯಮ ಜಾರಿಗೆ ಬಂತು. ಅದರ ಹಿಂದಿದ್ದವರು ಆಗ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಆಗಿದ್ದ ಕ್ರಿಸ್ ಕೋಬಾಕ್. 2016ರ ಚುನಾವಣೆಯಲ್ಲಿ 30 ರಿಂದ 50 ಲಕ್ಷ ಅಕ್ರಮ ವೋಟು ಬಿದ್ದಿವೆ ಅಂತ ಟ್ರಂಪ್ ಹೇಳಿ ನೇಮಿಸಿದ ಆಯೋಗದ ಉಪಾಧ್ಯಕ್ಷರೂ ಅವರೇ. ಆ ಆಯೋಗ ಏನನ್ನೂ ಸಾಬೀತು ಮಾಡದೆ 2018ರ ಜನವರಿಯಲ್ಲಿ ಮುಚ್ಚಿಹೋಯಿತು. ಕ್ಯಾನ್ಸಸ್ ನಿಯಮದ ಮೇಲಿನ ಕೇಸಿನಲ್ಲಿ ಕೋಬಾಕ್ ತಾವೇ ವಾದ ಮಾಡಿದರು. ಎಲ್ಲ ಸಾಕ್ಷ್ಯ ಕೇಳಿದ ನ್ಯಾಯಾಧೀಶೆ ಜೂಲಿ ರಾಬಿನ್ಸನ್ ಮುಂದೆ ಉಳಿದದ್ದು ಎರಡು ಸಂಖ್ಯೆ. 19 ವರ್ಷಗಳಲ್ಲಿ ಪಟ್ಟಿಗೆ ಸೇರಿದ ಪ್ರಜೆಗಳಲ್ಲದವರು ಹೆಚ್ಚೆಂದರೆ 39. ಅವರಲ್ಲೂ ಬಹುಪಾಲು ಗೊಂದಲದಿಂದ, ಕಚೇರಿಯ ತಪ್ಪಿನಿಂದ ಸೇರಿದವರು. ಜನನ ಪತ್ರ, ಪಾಸ್‌ಪೋರ್ಟ್ ಕೈಗೆ ಸಿಗದೆ ನೋಂದಣಿ ನಿಂತುಹೋದವರು 31 ಸಾವಿರಕ್ಕೂ ಹೆಚ್ಚು. ನ್ಯಾಯಾಧೀಶೆ ಆ ನಿಯಮವನ್ನು ರದ್ದು ಮಾಡಿದರು. ಮೇಲಿನ ಕೋರ್ಟ್ ಎತ್ತಿಹಿಡಿಯಿತು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕ್ಯಾನ್ಸಸ್‌ನ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಇಡೀ ದೇಶಕ್ಕೆ ಈಗ ಬೇಕು ಅನ್ನುತ್ತಿರುವ ನಿಯಮದ ತಿರುಳು ಇದೇ.